ಸಂತ ಫ್ರಾನ್ಸಿಸ್‌ನ ಊರಿನ ಮುದಿ ನಾಯಿಗಳು

ನಮ್ಮ ಕಡೆ ಸಾಂಬ್ರಾಣಿ ಹೊಗೆಗೆ ಸೊಳ್ಳೆ ಬಿಟ್ಟರೆ ಬೇರೆ ಯಾರೂ ಹೆದರುವುದಿಲ್ಲ. ಅಮೆರಿಕದಲ್ಲಿ ಮನೆಯ ಛಾವಣಿಯೇ ಹೆದರಿ ಕಿರುಚಿಕೊಳ್ಳುತ್ತದೆ ಎಂಬುದು ನಮಗೆ ಗೊತ್ತಾದದ್ದು 2025ರ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ.

ಮಗಳ ಬಾಣಂತನಕ್ಕೆಂದು ನಾನೂ ನನ್ನ ಮನೆಯವಳೂ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಊರಿಗೆ ಹೋಗಿದ್ದೆವು. ಬೇಸಿಗೆ ರಜೆ ಇದ್ದುದರಿಂದ ಮೇಷ್ಟ್ರಿಗೂ ಹೊರಡಲು ಅಡ್ಡಿಯಿರಲಿಲ್ಲ. ಬಾಣಂತನ ಹೆಂಗಸರ ಕೆಲಸ. ನನ್ನ ಪಾಲಿಗೆ ಬಂದದ್ದು ಬಟ್ಟೆ ಮಡಿಸುವುದು, ಮೆಣಸು ಕುಟ್ಟುವುದು, ದಾರಿಗೆ ಅಡ್ಡ ಬಾರದಂತೆ ಕೂರುವುದು. ಆ ಬೆಳಿಗ್ಗೆ ಮಗುವಿಗೆ ನೀರು ಹಾಕಿ, ಊರಿನಿಂದ ತಂದಿದ್ದ ಕಪ್ ಸಾಂಬ್ರಾಣಿಯನ್ನು ಹಚ್ಚಿದ್ದೇ ತಡ, ಮೇಲೆ ಅಂಟಿಸಿದ್ದ ಬಿಳಿಯ ಡಬ್ಬಿ ಕಿವಿ ಹರಿಯುವಂತೆ ಕೂಗತೊಡಗಿತು. ಅಳಿಯ ಕುರ್ಚಿ ಹತ್ತಿ ಅದರ ಬಾಯಿ ಮುಚ್ಚಿಸುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ಪೊಲೀಸರೇ ಬಂದರೆಂದು ನನ್ನವಳು ಮಗುವನ್ನೆತ್ತಿಕೊಂಡು ಒಳಗೆ ಓಡಿದಳು.

ಬಂದವರು ಪೊಲೀಸರಲ್ಲ, ಪಕ್ಕದ ಮನೆಯ ಅಜ್ಜಿ. 74 ವರ್ಷ. ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ತೋಳಿನಲ್ಲಿ ಟವೆಲ್ ಸುತ್ತಿದ ಒಂದು ಪುಟ್ಟ ನಾಯಿ ಒಂದೇ ಸಮನೆ ಕೆಮ್ಮುತ್ತಿತ್ತು. ಜಗಳಕ್ಕೆ ಬಂದಿರಬೇಕು ಎಂದುಕೊಂಡೆ. ಅವರು ಕೇಳಿದ್ದು ಒಂದೇ: ಆ ಹೊಗೆಯನ್ನು ಆ ಕಡೆಯ ಕಿಟಕಿಯಿಂದ ಬಿಡಲು ಆದೀತೆ? ಇವನಿಗೆ ಹೃದಯದ ಕಾಯಿಲೆ, ಫಾಸ್ಪಿಸ್‌ನಲ್ಲಿದ್ದಾನೆ.

ರಸಾಯನ ವಿಜ್ಞಾನದ ಚಾಳಿ ಬಿಡಬೇಕಲ್ಲ! ರಂಜಕದ ಯಾವುದೋ ಸಂಯುಕ್ತವನ್ನು ಔಷಧವಾಗಿ ಕೊಡುತ್ತಿದ್ದಾರೆ ಎಂದುಕೊಂಡು, "ಅದರ ಸೂತ್ರ ಏನು ಮೇಡಂ?" ಎಂದು ಕೇಳಿಯೇಬಿಟ್ಟೆ. ಅಜ್ಜಿ ನಕ್ಕ ನಗುವಿಗೆ ನಾಯಿಯ ಕೆಮ್ಮೂ ಒಂದು ಕ್ಷಣ ನಿಂತಿತು.

ಅದು ಎರಡು ಪದ ಕೂಡಿಸಿ ಮಾಡಿದ ಪದ. ಬೇರೆಯವರ ಮಗುವನ್ನು ಕೆಲಕಾಲ ನಮ್ಮ ಮನೆಯಲ್ಲಿ ಸಾಕುವುದಕ್ಕೆ ಅಲ್ಲಿ ಫಾಸ್ಟರ್ ಎನ್ನುತ್ತಾರೆ. ಹಾಸ್ಪಿಸ್ ಎಂಬುದು ನಮಗೂ ತೀರ ಹೊಸದಲ್ಲ. ವಾಸಿಯಾಗದ ಕಾಯಿಲೆಯವರಿಗೆ ಇನ್ನಷ್ಟು ಚುಚ್ಚಿ ಕೊಯ್ಯದೆ, ನೋವು ತೆಗೆದು, ಉಳಿದ ದಿನಗಳನ್ನು ನೆಮ್ಮದಿಯಾಗಿ ಕಳೆಯಲು ಬಿಡುವ ವ್ಯವಸ್ಥೆ ಅದು. ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ 1967ರಲ್ಲಿ ಇದರ ಆಧುನಿಕ ರೂಪಕ್ಕೆ ಬುನಾದಿ ಹಾಕಿದರು. ನಮ್ಮ ಬೆಂಗಳೂರಿನ ಕರುಣಾಶ್ರಯ 1999ರಿಂದ ಕ್ಯಾನ್ಸರ್ ರೋಗಿಗಳಿಗೆ ಇದನ್ನೇ ಹಣ ಪಡೆಯದೆ ಮಾಡುತ್ತ ಬಂದಿದೆ. ಫಾಸ್ಟರ್ ಮತ್ತು ಹಾಸ್ಪಿಸ್ ಸೇರಿ ಫಾಸ್ಪಿಸ್. ಅಂದರೆ, ಯಾರಿಗೂ ಬೇಡವಾದ, ಸಾಯಲಿರುವ ನಾಯಿಗೆ ಕೊನೆಯತನಕ ಒಂದು ಮನೆ.

ನಾಯಿಯ ಹೆಸರು ಪೀನಟ್. ನನ್ನ ಮನೆಯವಳು ಅರ್ಥ ಕೇಳಿ ತಿಳಿದು, ಅಂದಿನಿಂದಲೇ ಅದನ್ನು ಕಡಲೆಕಾಯಿ ಎಂದು ಕರೆಯತೊಡಗಿದಳು.

ಅಜ್ಜಿಗೆ ತಿಂಗಳಿಗೊಮ್ಮೆ ನಾಯಿಯನ್ನು ತಪಾಸಣೆಗೆಂದು ಸ್ಯಾನ್‌ಫ್ರಾನ್ಸಿಸ್ಕೋ ಪಟ್ಟಣಕ್ಕೆ ಕರೆದೊಯ್ಯಬೇಕಿತ್ತು. ನನಗೂ ಪಟ್ಟಣ ನೋಡುವ ಆಸೆ. ಏಪ್ರಿಲ್ ಕೊನೆಯ ವಾರ ಜೊತೆಯಾಗಿ ಹೊರಟೆವು. ನಾಯಿ ಜಾಲರಿ ಚೀಲದೊಳಗೆ, ಚೀಲ ನನ್ನ ತೊಡೆಯ ಮೇಲೆ. ಅಲ್ಲಿನ ಬಾರ್ಟ್ ಎಂಬ ರೈಲಿನಲ್ಲಿ ಸಾಕುಪ್ರಾಣಿಗಳನ್ನು ಹೀಗೆ ಒಯ್ಯಬಹುದು. ಓಕ್‌ಲ್ಯಾಂಡ್ ದಾಟಿದ ಮೇಲೆ ರೈಲು ಕೊಲ್ಲಿಯ ನೀರಿನ ತಳಕ್ಕಿಳಿಯುತ್ತದೆ. ಸುಮಾರು 5.8 ಕಿಲೋಮೀಟರ್ ಉದ್ದದ ಆ ಕೊಳವೆಯಲ್ಲಿ 1974ರಿಂದ ರೈಲು ಓಡುತ್ತಿದೆ. ಒಳಗೆ ಹೋದ ಕೂಡಲೇ ಕಿವಿ ಗುಂಯ್‌ಗುಟ್ಟುವ ಕೀರಲು ಸದ್ದು. ಕಡಲೆಕಾಯಿ ನನ್ನ ಕಡೆ ಒಮ್ಮೆ ನೋಡಿ, ಇದೆಲ್ಲ ತನಗೆ ರೂಢಿ ಎಂಬಂತೆ ಕಣ್ಣು ಮುಚ್ಚಿತು.

ಹದಿನಾರನೆಯ ಬೀದಿಯ ನಿಲ್ದಾಣದಲ್ಲಿ ಇಳಿದಾಗ ಗಾಳಿ ನಮ್ಮ ಕೊಡಗಿನ ಡಿಸೆಂಬರ್‌ನಂತಿತ್ತು. ಪಶ್ಚಿಮಕ್ಕೆ ಹತ್ತು ನಿಮಿಷ ನಡೆದರೆ ಮಿಷನ್ ಡೊಲೋರೆಸ್ ಎಂಬ ಹಳೆಯ ಇಗರ್ಜಿ. 1776ರಲ್ಲಿ ಸ್ಪೇನಿನ ಪಾದ್ರಿಗಳು ಅಸಿಸಿಯ ಸಂತ ಫ್ರಾನ್ಸಿಸ್‌ನ ಹೆಸರಿನಲ್ಲಿ ಇಲ್ಲಿ ನೆಲೆ ಹೂಡಿದರು. ಊರಿಗೆ ಹೆಸರು ಬಂದದ್ದೂ ಆ ಸಂತನಿಂದಲೇ. ಹಕ್ಕಿಗಳಿಗೆ ಉಪದೇಶ ಮಾಡಿದ, ತೋಳವನ್ನು ಒಲಿಸಿಕೊಂಡ ಸಂತ ಆತ. ಆತನ ಹಬ್ಬದ ದಿನವಾದ ಅಕ್ಟೋಬರ್ 4ನ್ನೇ ಜಗತ್ತು ಪ್ರಾಣಿಗಳ ದಿನವೆಂದು ಆಚರಿಸುತ್ತದೆ. ಆದರೆ ನಿಲ್ದಾಣದ ಹೊರಗೆ ಗೋಡೆಗೊರಗಿ ಕಂಬಳಿ ಹೊದ್ದು ಮಲಗಿದ್ದವರು ಪ್ರಾಣಿಗಳಲ್ಲ, ಮನುಷ್ಯರು. ಅವರಲ್ಲೊಬ್ಬನ ಕಂಬಳಿಯೊಳಗಿಂದ ನಾಯಿಯ ಮೂತಿ ಇಣುಕುತ್ತಿತ್ತು. ಇಂಥ ಊರಿನಲ್ಲಿ ನಾಯಿಗೆ ಆಶ್ರಮವೇ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂತು. ಅಜ್ಜಿ ಕೈಚೀಲದಿಂದ ಬಿಸ್ಕತ್ತಿನ ಎರಡು ಪೊಟ್ಟಣ ತೆಗೆದು, ಒಂದನ್ನು ಅವನಿಗೂ ಒಂದನ್ನು ಅವನ ನಾಯಿಗೂ ಕೊಟ್ಟು, ಏನೂ ಆಗದವರಂತೆ ಮುಂದೆ ನಡೆದರು. ಪ್ರಶ್ನೆ ನಾಲಿಗೆಯಲ್ಲೇ ಉಳಿಯಿತು. ಅದಕ್ಕೆ ಈಗಲೂ ನನ್ನಲ್ಲಿ ಉತ್ತರವಿಲ್ಲ.

ನಾವು ಹೋಗಬೇಕಾದದ್ದು ಪೂರ್ವಕ್ಕೆ. ಅಲ್ಲಿನ ಬೀದಿಗಳಿಗೆ ಅಲಬಾಮಾ, ಫ್ಲೋರಿಡಾ ಎಂದು ರಾಜ್ಯಗಳ ಹೆಸರು. ಭೂಪಟದಲ್ಲಿ ನೆರೆಹೊರೆಯಾಗಿರುವ ಈ ರಾಜ್ಯಗಳು ಇಲ್ಲೂ ಅಕ್ಕಪಕ್ಕದ ಬೀದಿಗಳು. ಮಟ್‌ವಿಲ್ ಎಂಬ ಸಂಸ್ಥೆ ಮೊದಲು ಅಲಬಾಮಾದಲ್ಲಿತ್ತು. 2024ರಲ್ಲಿ ಫ್ಲೋರಿಡಾಕ್ಕೆ ವಲಸೆ ಹೋಯಿತು. ಅಂದರೆ ಮುಂದಿನ ಬೀದಿಗೆ! ಮಟ್ ಎಂದರೆ ಆಡುಮಾತಿನಲ್ಲಿ ಜಾತಿಗೀತಿ ಇಲ್ಲದ ನಾಯಿ. ನಮ್ಮ ಲೆಕ್ಕದಲ್ಲಿ ಕಂತ್ರಿ. ಹಾಗಾಗಿ ಅದನ್ನು ಕಂತ್ರಿಪುರ ಎನ್ನಲು ಅಡ್ಡಿಯಿಲ್ಲ.

ನಾಯಿಗಳ ಆಶ್ರಯಧಾಮ ಎಂದರೆ ನನ್ನ ಕಣ್ಣ ಮುಂದೆ ಬರುವುದು ಕಬ್ಬಿಣದ ಗೂಡುಗಳ ಸಾಲು, ಫಿನಾಯಿಲ್ ವಾಸನೆ, ಬೊಗಳಾಟ. ಇಲ್ಲಿ ಗೂಡುಗಳಿಲ್ಲ. ಮೆತ್ತೆ, ಹಾಸಿಗೆ, ಅವುಗಳ ಮೇಲೆಲ್ಲ ಮುದಿ ನಾಯಿಗಳು. ಒಂದಕ್ಕೆ ಕಣ್ಣಿಲ್ಲ. ಇನ್ನೊಂದಕ್ಕೆ ಹಲ್ಲು ಬಿದ್ದು ನಾಲಿಗೆ ಬದಿಯಿಂದ ಜೋತುಬಿದ್ದಿದೆ. ಮತ್ತೊಂದು ಬಂದವರ ಕಾಲ ಬಳಿ ಹೋಗಿ ಮೂಸಿ, ತಾನು ಯಾಕೆ ಬಂದೆನೆಂಬುದು ಮರೆತುಹೋದಂತೆ ಅಲ್ಲೇ ನಿಲ್ಲುತ್ತದೆ. ಬೊಗಳುವ ಉಮೇದು ಹೆಚ್ಚಿನವಕ್ಕೆ ಇರಲಿಲ್ಲ. ನಮ್ಮೂರಿನ ಪಿಂಚಣಿದಾರರು ಬ್ಯಾಂಕಿನಲ್ಲಿ ಸೇರುವ ತಿಂಗಳ ಮೊದಲ ವಾರ ನೆನಪಾಯಿತು.

ಇದನ್ನು 2007ರಲ್ಲಿ ಆರಂಭಿಸಿದವರು ಶೆರಿ ಫ್ರಾಂಕ್ಲಿನ್. ವೃತ್ತಿಯಿಂದ ಕೇಶ ವಿನ್ಯಾಸಕಿ. ಪ್ರಾಣಿದಯಾ ಸಂಘದಲ್ಲಿ ಬಿಡುವಿನ ಹೊತ್ತು ದುಡಿಯುತ್ತಿದ್ದಾಗ ಅವರು ಕಂಡದ್ದು ಇಷ್ಟು: ಮರಿಗಳನ್ನು ಜನ ಮುಗಿಬಿದ್ದು ಒಯ್ಯುತ್ತಾರೆ, ಮೂತಿ ಬೆಳ್ಳಗಾದ ನಾಯಿಯ ಮುಂದೆ ಯಾರೂ ನಿಲ್ಲುವುದಿಲ್ಲ. ನಿಲ್ಲದಿದ್ದರೆ ಅದರ ದಿನ ಮುಗಿಯಿತೆಂದೇ ಅರ್ಥ. ಅವರು ಅಂಥವನ್ನು ತಮ್ಮ ಮನೆಗೇ ತರತೊಡಗಿದರು. ಈಗ ಸಂಸ್ಥೆ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಮುದಿ ನಾಯಿಗಳನ್ನು ಬಿಡಿಸಿ ತರುತ್ತದೆ. 7 ವರ್ಷ ತುಂಬಿದ್ದರೆ ಮಾತ್ರ ಇಲ್ಲಿ ಪ್ರವೇಶ.

ಇವು ಬೀದಿನಾಯಿಗಳಾಗಿದ್ದವು ಎಂದುಕೊಳ್ಳಬೇಡಿ. ಹೆಚ್ಚಿನವು ಒಂದು ಕಾಲಕ್ಕೆ ಯಾರದೋ ಮನೆಯ ಮುದ್ದಿನವು. ಒಡತಿ ಸತ್ತಳು, ಮಕ್ಕಳಿಗೆ ನಾಯಿ ಬೇಡ. ಒಡೆಯ ವೃದ್ಧಾಶ್ರಮ ಸೇರಿದ, ಅಲ್ಲಿ ನಾಯಿಗೆ ಪ್ರವೇಶವಿಲ್ಲ. ಬಾಡಿಗೆ ಮನೆ ಬದಲಾಯಿತು, ಅಲ್ಲಿ ಸಾಕುವಂತಿಲ್ಲ. ಪಶುವೈದ್ಯರ ಖರ್ಚು ಕೈಮೀರಿತು. ಅಲ್ಲಿನ ಬೀದಿಗಳಲ್ಲಿ ನಮ್ಮಂತೆ ನಾಯಿ ತಿರುಗುವುದಿಲ್ಲವಲ್ಲ, ಆ ನಾಯಿಗಳೆಲ್ಲ ಎಲ್ಲಿಗೆ ಹೋಗುತ್ತವೆ ಎಂದು ನಾನು ಮೆಚ್ಚುಗೆಯಿಂದಲೇ ಕೇಳಿದ್ದೆ. ಪುರಸಭೆಯ ದೊಡ್ಡಿಗೆ, ಅಲ್ಲಿಂದ ಎಷ್ಟೋ ವೇಳೆ ಸೂಜಿಗೆ ಎಂಬ ಉತ್ತರ ಬಂತು. ನಮ್ಮಲ್ಲಿ ನಾಯಿ ಬೀದಿಯಲ್ಲಿ ಎಲ್ಲರ ಕಣ್ಣೆದುರು ಸಾಯುತ್ತದೆ, ಅವರಲ್ಲಿ ಬಾಗಿಲ ಹಿಂದೆ. ಯಾವುದು ಮೇಲು ಎಂದು ಅಂಕ ಕೊಡುವ ಧೈರ್ಯ ನನಗಿಲ್ಲ. ಸ್ಯಾನ್‌ಫ್ರಾನ್ಸಿಸ್ಕೋ ಮಾತ್ರ 1994ರಲ್ಲೇ ಒಂದು ಒಪ್ಪಂದ ಮಾಡಿಕೊಂಡು, ಸಾಕಲು ಯೋಗ್ಯವಾದ ನಾಯಿ ಬೆಕ್ಕುಗಳನ್ನು ಕೊಲ್ಲುವುದಿಲ್ಲವೆಂದು ಮಾತು ಕೊಟ್ಟ ಊರು.

ಇಲ್ಲಿ ಇನ್ನೊಂದು ಯೋಜನೆಯಿದೆ. 62 ವರ್ಷ ದಾಟಿದವರು ಮುದಿ ನಾಯಿಯನ್ನು ದತ್ತು ಪಡೆದರೆ ಶುಲ್ಕವಿಲ್ಲ. 7 ಮತ್ತು 62. ಈ ಎರಡು ಅಂಕಿ ನೋಡಿ ನನ್ನೊಳಗಿನ ಮೇಷ್ಟ್ರು ಎದ್ದು ಕೂತ. ನಾಯಿಯ ವಯಸ್ಸನ್ನು ಏಳರಿಂದ ಗುಣಿಸಿದರೆ ಮನುಷ್ಯನ ವಯಸ್ಸು ಬರುತ್ತದೆಂದು ನಾವೆಲ್ಲ ಹೇಳಿಕೊಂಡು ಬಂದಿದ್ದೇವೆ. ಅದು ಸರಿಯಲ್ಲ. ಒಂದು ವರ್ಷದ ನಾಯಿ ಮರಿ ಹಾಕಬಲ್ಲದು, ಏಳು ವರ್ಷದ ಮಗು ಒಂದನೇ ತರಗತಿಯ ಗಡಿಯಲ್ಲಿರುತ್ತದೆ! 2020ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್‌ಡಿಯಾಗೋ ಶಾಖೆಯ ವಿಜ್ಞಾನಿಗಳು ಲ್ಯಾಬ್ರಡಾರ್ ನಾಯಿಗಳ ಡಿಎನ್ಎ ಮೇಲೆ ವಯಸ್ಸಿನೊಂದಿಗೆ ಮೂಡುವ ರಾಸಾಯನಿಕ ಗುರುತುಗಳನ್ನು ಮನುಷ್ಯರ ಗುರುತುಗಳ ಜೊತೆ ಹೋಲಿಸಿ ಒಂದು ಸೂತ್ರ ಕೊಟ್ಟರು. ನಾಯಿಯ ವಯಸ್ಸಿನ ಸ್ವಾಭಾವಿಕ ಲಾಗರಿದಮ್ ತೆಗೆದು, 16ರಿಂದ ಗುಣಿಸಿ, 31 ಕೂಡಿಸಬೇಕು. ಪಿಯುಸಿ ವಿದ್ಯಾರ್ಥಿಗಳು ಮಾಡಿ ನೋಡಬಹುದು. ಒಂದು ವರ್ಷದ ನಾಯಿಗೆ 31 ಬರುತ್ತದೆ. ಏಳು ವರ್ಷಕ್ಕೆ? 62! ಸಂಸ್ಥೆಯ ನಿಯಮಕ್ಕೂ ಈ ಸೂತ್ರಕ್ಕೂ ಸಂಬಂಧವಿರಲಾರದು, ಕಾಕತಾಳೀಯ ಇರಬೇಕು. ಆದರೂ ಖುಷಿಯಾಯಿತು. ಕಡಲೆಕಾಯಿಗೆ 13, ಲೆಕ್ಕದಲ್ಲಿ 72. "ನಿಮಗಿಂತ ಎರಡು ವರ್ಷ ಚಿಕ್ಕವನು ಮೇಡಂ" ಎಂದೆ. ಇದು ಲ್ಯಾಬ್ರಡಾರ್ ಲೆಕ್ಕ, ಸಣ್ಣ ತಳಿಗಳು ನಿಧಾನವಾಗಿ ಮುದಿಯಾಗುತ್ತವೆ ಎಂದು ಸೇರಿಸುವುದನ್ನೂ ಮರೆಯಲಿಲ್ಲ.

ಫಾಸ್ಪಿಸ್ ನಾಯಿಗಳ ಪಾಲಿನ ಏರ್ಪಾಡೇ ಬೇರೆ. ಇವನ್ನು ದತ್ತು ಕೊಡುವುದಿಲ್ಲ, ಸಂಸ್ಥೆಯದೇ ನಾಯಿಗಳಾಗಿ ಉಳಿಯುತ್ತವೆ. ಔಷಧ, ವೈದ್ಯರ ಖರ್ಚು ಸಂಸ್ಥೆಯದು. ಸಾಕುವವರದು ಮನೆ, ಸಮಯ ಮತ್ತು ಮಡಿಲು. ಕೆಲವಕ್ಕೆ ಉಳಿದಿರುವುದು ವಾರಗಳು, ಕೆಲವಕ್ಕೆ ತಿಂಗಳುಗಳು, ಒಂದೊಂದು ವೇಳೆ ವರ್ಷವೂ ದಾಟುತ್ತದೆ. ಆಶ್ರಯಧಾಮ ಎಷ್ಟೇ ಚೆನ್ನಾಗಿದ್ದರೂ ಸಾಯುವ ಪ್ರಾಣಿಗೆ ಬೇಕಾದದ್ದು ಒಂದೇ ಮೂಲೆ, ಒಂದೇ ವಾಸನೆ, ಒಂದೇ ಕೈ. ಇದನ್ನು ನನಗೆ ಅಜ್ಜಿ ಹೇಳಲಿಲ್ಲ, ಮುಂದಿನ ಮೂರು ವಾರಗಳಲ್ಲಿ ನಾನೇ ನೋಡಿದೆ.

ಮರಳುವ ದಾರಿಯಲ್ಲಿ ಅಜ್ಜಿ ಆ ಊರಿನ ಎರಡು ನಾಯಿಗಳ ಕಥೆ ಹೇಳಿದರು. 1861ರಲ್ಲಿ ಬಮ್ಮರ್ ಎಂಬ ಬೀದಿನಾಯಿ, ಕಚ್ಚಾಟದಲ್ಲಿ ತೀರ ಗಾಯಗೊಂಡ ಇನ್ನೊಂದು ನಾಯಿಯನ್ನು ಬಿಡಿಸಿತು; ಪಕ್ಕದಲ್ಲಿ ಮಲಗಿ ಬೆಚ್ಚಗಿಟ್ಟು, ತನ್ನ ಪಾಲಿನ ತುಂಡುಗಳನ್ನು ತಂದುಕೊಟ್ಟಿತು. ಸಾಯುತ್ತದೆಂದುಕೊಂಡ ನಾಯಿ ಎದ್ದು ಓಡಾಡಿತು. ಸತ್ತು ಬದುಕಿದವನೆಂದು ಬೈಬಲ್ಲಿನ ಲಾಜರಸ್‌ನ ಹೆಸರನ್ನೇ ಜನ ಅದಕ್ಕಿಟ್ಟರು. 1862ರಲ್ಲಿ ನಾಯಿ ಹಿಡಿಯುವವನು ಲಾಜರಸ್‌ನನ್ನು ಒಯ್ದಾಗ ಊರೇ ಎದ್ದು ಬಿಡಿಸಿತು. ಬೀದಿನಾಯಿ ಕಾನೂನಿನಿಂದ ಈ ಎರಡಕ್ಕೂ ವಿನಾಯಿತಿ ಸಿಕ್ಕಿತು. 1865ರಲ್ಲಿ ಬಮ್ಮರ್ ಸತ್ತಾಗ ಪತ್ರಿಕೆಯಲ್ಲಿ ಶ್ರದ್ಧಾಂಜಲಿ ಬರೆದವರು ಮಾರ್ಕ್ ಟ್ವೇನ್. ಊರಿನ ಪ್ರಸಿದ್ಧ ಪಿರಮಿಡ್ ಕಟ್ಟಡದ ಪಕ್ಕದ ಉದ್ಯಾನದಲ್ಲಿ 1992ರಲ್ಲಿ ಇವುಗಳ ನೆನಪಿಗೊಂದು ಫಲಕ ಹಾಕಿದ್ದಾರೆ.

ನಾನು ಬಿಡುತ್ತೇನೆಯೇ? ನಮ್ಮ ಆತಕೂರಿನ ಕಥೆ ಹೇಳಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949-50ರ ಶಾಸನವದು. ಗಂಗರ ಬೂತುಗನ ಆಶ್ರಿತನಾದ ಮಣಲೇರ ಎಂಬ ವೀರನ ಬಳಿ ಕಾಳಿ ಎಂಬ ಬೇಟೆನಾಯಿಯಿತ್ತು. ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಅದನ್ನು ಕೊಂದು ತಾನೂ ಸತ್ತಿತು. ನಾಯಿಯ ನೆನಪಿಗೆ ಕಲ್ಲು ನೆಟ್ಟು, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿರುವ ಆ ಕಲ್ಲನ್ನು 2011ರ ಶಾಲಾ ಪ್ರವಾಸದಲ್ಲಿ ಮಕ್ಕಳಿಗೆ ತೋರಿಸಿದ್ದೆ. ನಾಯಿ ಮತ್ತು ಹಂದಿ ಎದುರುಬದುರಾಗಿರುವ ಕೆತ್ತನೆ. ಅಜ್ಜಿ ಕೇಳಿ ತುಂಬ ಸಂತೋಷಪಟ್ಟರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಹಂದಿ ಸಿಗದೆ, ಸುಮ್ಮನೆ ಮುದಿಯಾಗಿದ್ದರೆ ಆ ಕಾಳಿಯನ್ನು ಏನು ಮಾಡುತ್ತಿದ್ದರು?"

ಆ ಪ್ರಶ್ನೆ ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತು. ಈವರೆಗೆ ಯಾರಿಗೂ ಹೇಳದ ಒಂದು ವಿಷಯವನ್ನು ರೈಲಿನಲ್ಲಿ ಆ ಪರದೇಶದ ಹೆಂಗಸಿಗೆ ಹೇಳಿದೆ.

ನನ್ನ ಮೊದಲ ಶಾಲೆ ಸಕಲೇಶಪುರದ ಕಡೆಯ ಒಂದು ಹಳ್ಳಿಯಲ್ಲಿತ್ತು. ನಾನು ಹೋದ ವರ್ಷವೇ ಒಂದು ಕಂದು ನಾಯಿ ನಮ್ಮ ಬಾಡಿಗೆ ಮನೆಯ ಜಗಲಿ ಹಿಡಿಯಿತು. ರಾಜ ಎಂದು ಹೆಸರಿಟ್ಟೆವು. ಮಗಳು ಅಂಬೆಗಾಲಿಟ್ಟದ್ದು ಅದರ ಬೆನ್ನು ಹಿಡಿದು. 2003ರಲ್ಲಿ ನನಗೆ ವರ್ಗವಾಯಿತು. ಆ ಹೊತ್ತಿಗೆ ರಾಜನ ಕಣ್ಣಿಗೆ ಪೊರೆ ಬಂದಿತ್ತು, ಹಿಂಗಾಲು ಎಳೆಯುತ್ತಿತ್ತು. ಪೇಟೆಯಲ್ಲಿ ಬಾಡಿಗೆ ಮನೆಯವರು ನಾಯಿ ಒಪ್ಪಲಿಲ್ಲ. ಪಕ್ಕದ ಮನೆಯವರ ಕೈಗೆ ಐನೂರು ರೂಪಾಯಿ ಕೊಟ್ಟು, ಅನ್ನ ಹಾಕಿ ಎಂದು ಹೇಳಿ, ಲಾರಿ ಹತ್ತಿದೆ. ಅದು ಲಾರಿಯ ಹಿಂದೆ ಓಡಿ ಬರಲಿಲ್ಲ. ಅದಕ್ಕೆ ಓಡಲು ಆಗುತ್ತಿರಲಿಲ್ಲ. ಮಗಳಿಗೆ, ರಾಜ ಆಮೇಲೆ ಬರುತ್ತಾನೆ ಎಂದು ಸುಳ್ಳು ಹೇಳಿದ್ದೆ. ಆರು ತಿಂಗಳ ಮೇಲೆ ಒಂದು ಮದುವೆಗೆ ಹೋದಾಗ ವಿಚಾರಿಸಿದೆ. ಸತ್ತುಹೋಯಿತು ಎಂದರು. ಯಾವಾಗ, ಎಲ್ಲಿ ಎಂದರೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಪಕ್ಕದ ಮನೆಯವರನ್ನು ದೂರುವಂತಿಲ್ಲ. ನಾಯಿ ನನ್ನದು.

ಅಜ್ಜಿ ಸಮಾಧಾನದ ಮಾತೇನೂ ಆಡಲಿಲ್ಲ. "ರಾಜನಿಗೆ ತಿನ್ನಲು ಏನು ಇಷ್ಟವಿತ್ತು?" ಎಂದರು. ಸುಟ್ಟ ಹಲಸಿನ ಬೀಜ ಎಂದೆ. ಹಲಸಿನ ಬೀಜ ಎಂದರೇನೆಂದು ವಿವರಿಸುವಷ್ಟರಲ್ಲಿ ಫ್ರೀಮಾಂಟ್ ಬಂತು.

ಮರುದಿನದಿಂದ ನಾನು ಅವರ ಲ್ಯಾಬ್ ಅಸಿಸ್ಟೆಂಟ್ ಆದೆ. ಕಡಲೆಕಾಯಿಯ ಹೃದಯದ ಕವಾಟ ಸಡಿಲವಾಗಿ ರಕ್ತ ಹಿಂದಕ್ಕೆ ಸೋರುತ್ತಿತ್ತು. ಸಣ್ಣ ತಳಿಯ ಮುದಿ ನಾಯಿಗಳಿಗೆ ಇದು ಸಾಮಾನ್ಯ. ಒತ್ತಡ ಹೆಚ್ಚಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ನೀರಿಳಿಸಲು ಫ್ಯುರೋಸಮೈಡ್ ಮಾತ್ರೆ (ನನ್ನ ತಾಯಿ ಕೊನೆಗಾಲದಲ್ಲಿ ನುಂಗುತ್ತಿದ್ದದ್ದೂ ಅದೇ), ಹೃದಯಕ್ಕೆ ಬಲ ಕೊಡಲು ಪಿಮೋಬೆಂಡನ್. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಹೊತ್ತುಹೊತ್ತಿನ ಔಷಧ, ತಿಂದದ್ದು, ಮೂತ್ರಕ್ಕೆ ಹೋದದ್ದು, ಎಲ್ಲ ಬರೆಯಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಗಾಢ ನಿದ್ರೆಯಲ್ಲಿರುವಾಗ ನಿಮಿಷಕ್ಕೆ ಎಷ್ಟು ಬಾರಿ ಉಸಿರಾಡುತ್ತದೆಂಬ ಲೆಕ್ಕ. 30ರ ಒಳಗಿದ್ದರೆ ನೆಮ್ಮದಿ. ಅದನ್ನು ದಾಟುತ್ತ ಹೋದರೆ ಶ್ವಾಸಕೋಶಕ್ಕೆ ನೀರು ಬರುತ್ತಿದೆಯೆಂದು ವೈದ್ಯರಿಗೆ ಫೋನ್ ಮಾಡಬೇಕು. ಯಾವ ಯಂತ್ರವೂ ಬೇಡ. ಎರಡು ಕಣ್ಣು, ಒಂದು ಗಡಿಯಾರ. ಅಜ್ಜಿಯ ಕಣ್ಣು ಮಂಜು. ನನ್ನ ಹಳೆಯ ಎಚ್ಎಂಟಿ ಗಡಿಯಾರದ ಸೆಕೆಂಡಿನ ಮುಳ್ಳು ಆ ಕೆಲಸಕ್ಕೆ ನಿಂತಿತು.

22. 24. 23. ಮನೆಗೆ ಬಂದರೆ ತೊಟ್ಟಿಲಲ್ಲಿ ಮೊಮ್ಮಗ. ಅಭ್ಯಾಸಬಲದಿಂದ ಅವನದನ್ನೂ ಎಣಿಸಿದೆ: 44. ಎಳೆ ಮಗುವಿಗೆ 30ರಿಂದ 60ರವರೆಗೆ ಸಹಜ. ಅಲ್ಲಿ ಚಿಂತೆಗೆ ಕಾರಣವಾಗುವ ಅಂಕಿ, ಇಲ್ಲಿ ಆರೋಗ್ಯ. ಹದಿನೈದು ಅಡಿ ದೂರದಲ್ಲಿ, ಒಂದೇ ಗೋಡೆಯ ಎರಡು ಬದಿಯಲ್ಲಿ.

ನಾಯಿ ಮುಟ್ಟಿದರೆ ಸ್ನಾನ ಮಾಡು ಎನ್ನುತ್ತಿದ್ದ ನನ್ನವಳೂ ಕರಗಿದಳು. ಮೆತ್ತಗೆ ಮೊಸರನ್ನ ಕಲಸಿ ಕೊಟ್ಟಳು. ಹೃದಯದ ರೋಗಿಗೆ ಉಪ್ಪು ಕೂಡದೆಂದು ನಾನು ಎಚ್ಚರಿಸಿದಾಗ, "ಉಪ್ಪಿಲ್ಲದ ಮೊಸರನ್ನವನ್ನು ನಾಯಿಯೂ ಮೂಸುವುದಿಲ್ಲ ಬಿಡಿ" ಎಂದಳು. ಅಜ್ಜಿ ವೈದ್ಯರನ್ನು ಕೇಳಿಕೊಂಡು ಎರಡು ಚಮಚ ಹಾಕಿದರು. ಕಡಲೆಕಾಯಿ ತಟ್ಟೆ ನೆಕ್ಕಿ ಶುದ್ಧ ಮಾಡಿತು. ಅಂದಹಾಗೆ, ನಾಯಿಗೆ ನೋವಾದರೆ ಮನೆಯಲ್ಲಿರುವ ಮಾತ್ರೆ ಕೊಡುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ದಯವಿಟ್ಟು ಕೊಡಬೇಡಿ. ನಮ್ಮ ಐಬುಪ್ರೊಫೆನ್, ಪ್ಯಾರಾಸಿಟಮಾಲ್‌ಗಳು ಅದರ ಹೊಟ್ಟೆ, ಮೂತ್ರಪಿಂಡ, ಯಕೃತ್ತುಗಳನ್ನು ಕೆಡಿಸಬಲ್ಲವು. ಚಾಕೊಲೇಟ್, ದ್ರಾಕ್ಷಿ, ಈರುಳ್ಳಿಯೂ ನಾಯಿಗೆ ವಿಷ.

ಮೇ ಎರಡನೆಯ ವಾರ ಅಂಕಿ 34ಕ್ಕೆ ಬಂತು. ಔಷಧ ಹೆಚ್ಚಿಸಿದರು, ಇಳಿಯಿತು. ನಾಲ್ಕು ದಿನ ಬಿಟ್ಟು 38. ಮತ್ತೆ ಇಳಿಯಲಿಲ್ಲ. ಮಲಗಿದರೆ ಉಸಿರು ಕಟ್ಟುವುದರಿಂದ ರಾತ್ರಿಯಿಡೀ ಕೂತೇ ತೂಕಡಿಸುತ್ತಿತ್ತು.

ಅಜ್ಜಿ ಇನ್ನೊಂದು ಹಾಳೆ ತೆಗೆದರು. ಕ್ಯಾಲಿಫೋರ್ನಿಯಾದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ 2004ರಲ್ಲಿ ರೂಪಿಸಿದ ಅಳತೆಗೋಲು ಅದು. ಏಳು ಪ್ರಶ್ನೆ: ನೋವು ಹತೋಟಿಯಲ್ಲಿದೆಯೇ (ಉಸಿರಾಟದ ಕಷ್ಟವೂ ಇದರಲ್ಲೇ ಸೇರಿದೆ), ತಿನ್ನುತ್ತದೆಯೇ, ಮೈಯಲ್ಲಿ ನೀರಿನಂಶವಿದೆಯೇ, ಶುಚಿಯಾಗಿಡಲು ಆಗುತ್ತಿದೆಯೇ, ಸಂತೋಷವಿದೆಯೇ, ನಡೆಯಬಲ್ಲದೇ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಹೆಚ್ಚಿವೆಯೇ. ಒಂದೊಂದಕ್ಕೂ ಹತ್ತು ಅಂಕ. ಮೊತ್ತ 35ಕ್ಕಿಂತ ಹೆಚ್ಚಿದ್ದರೆ ಆರೈಕೆ ಮುಂದುವರಿಸಬಹುದು. ಏಪ್ರಿಲ್‌ನಲ್ಲಿ ಕಡಲೆಕಾಯಿಯ ಮೊತ್ತ 52. ಅಂದು 26.

ನನಗೆ ಅವರ ನಿರ್ಧಾರ ಒಪ್ಪಿಗೆಯಾಗಲಿಲ್ಲ. ಜೀವ ಕೊಡಲಾರದವರು ತೆಗೆಯುವುದು ಹೇಗೆ ಎಂದು ವಾದಿಸಿದೆ. ಅವರು ವಾದಕ್ಕೆ ಬರಲಿಲ್ಲ. "ಇವತ್ತು ರಾತ್ರಿ ಅವನ ಜೊತೆ ನೀವು ಕೂತಿರಿ, ನಾಳೆ ಮಾತಾಡೋಣ" ಎಂದರು. ಕೂತೆ. ಒಂದು ಗಂಟೆಗೆ 44. ಮೂರು ಗಂಟೆಗೆ 52. ಕುತ್ತಿಗೆ ಚಾಚಿ, ಮೊಣಕೈ ಅಗಲಿಸಿ, ಗಾಳಿಗಾಗಿ ಅದು ಪಡುತ್ತಿದ್ದ ಪಾಡು ನೋಡುತ್ತ ನನಗೆ ಮತ್ತೆ ಮತ್ತೆ ರಾಜ ನೆನಪಾದ. ಅವನ ಆ ರಾತ್ರಿ ಯಾವುದು, ಎಲ್ಲಿ ಎಂಬುದೇ ನನಗೆ ಗೊತ್ತಿಲ್ಲವಲ್ಲ. ಬೆಳಿಗ್ಗೆ ಅಜ್ಜಿ ನನ್ನ ಮುಖ ನೋಡಿದರು. ನಾನು ಏನೂ ಹೇಳಲಿಲ್ಲ. ಅವರು ಫೋನ್ ಮಾಡಿದರು.

ವೈದ್ಯೆ ಮನೆಗೇ ಬಂದರು. ಆತುರವೇನೂ ಇರಲಿಲ್ಲ. ಅಜ್ಜಿಯ ಮಡಿಲಲ್ಲೇ, ಅದೇ ಟವೆಲ್ಲಿನ ಮೇಲೆ, ಮೊದಲು ನಿದ್ರೆಯ ಚುಚ್ಚುಮದ್ದು. ನಾನು ಸುಮ್ಮನೆ ಎಣಿಸುತ್ತಿದ್ದೆ. 40. 30. 18. ತಿಂಗಳಲ್ಲಿ ಮೊದಲ ಬಾರಿಗೆ ಅದು ತಲೆ ಕೆಳಗಿಟ್ಟು, ಕಾಲು ಚಾಚಿ ಮಲಗಿತು. ಆಮೇಲೆ ಪೆಂಟೊಬಾರ್ಬಿಟಲ್ ಎಂಬ ಅರಿವಳಿಕೆ, ಹೆಚ್ಚಿನ ಪ್ರಮಾಣದಲ್ಲಿ. ಗಡಿಯಾರವನ್ನು ಜೇಬಿಗೆ ಹಾಕಿಕೊಂಡೆ. ನಮ್ಮ ದೇಶದ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳೂ, ವಾಸಿಯಾಗದ ಕಾಯಿಲೆಯ ಬೀದಿನಾಯಿಗೆ ಪಶುವೈದ್ಯರ ಕೈಯಲ್ಲಿ ಇದೇ ಔಷಧದಿಂದ ನೋವಿಲ್ಲದ ಸಾವು ಎನ್ನುತ್ತವೆ. ಪುಸ್ತಕದಲ್ಲಿ ಓದಿದಾಗ ಅದು ಒಂದು ವಾಕ್ಯ ಮಾತ್ರ ಆಗಿತ್ತು.

ಮನೆಗೆ ಬಂದಾಗ ನನ್ನವಳು ದೇವರ ಮುಂದೆ ದೀಪ ಹಚ್ಚಿದ್ದಳು. ಯಾಕೆ ಎಂದು ನಾನು ಕೇಳಲಿಲ್ಲ. ಆ ದಿನ ಸಾಂಬ್ರಾಣಿ ಹಾಕಲಿಲ್ಲ. ಸಂಜೆ ಮಗಳಿಗೆ ರಾಜನ ವಿಷಯ ಹೇಳಿದೆ, ಇಪ್ಪತ್ತೆರಡು ವರ್ಷದ ಮೇಲೆ. "ನನಗೆ ಗೊತ್ತಿತ್ತಪ್ಪ" ಎಂದಳು.

ಮೇ ಕೊನೆಗೆ ಊರಿಗೆ ಮರಳಿದೆವು. ಜೂನ್‌ನಲ್ಲಿ ಮಗಳು ಫೋನಿನಲ್ಲಿ ಹೇಳಿದ್ದು: ಅಜ್ಜಿ ಮತ್ತೊಂದನ್ನು ತಂದಿದ್ದಾರೆ. 14 ವರ್ಷ, ಮೂತ್ರಪಿಂಡದ ಕಾಯಿಲೆ, ಬಾಯಲ್ಲಿ ಒಂದೂ ಹಲ್ಲಿಲ್ಲ. ನಮ್ಮ ಪಾಪುವಿಗೂ ಇಲ್ಲ, ಇಬ್ಬರೂ ಗೆಳೆಯರಾಗಿದ್ದಾರೆ.

ನಮ್ಮ ಈಗಿನ ಶಾಲೆಯ ಅಡುಗೆ ಮನೆಯ ಹಿಂದೆ ಕೆಂಚಿ ಎಂಬ ಮುದಿ ನಾಯಿಯಿದೆ. ನಾನು ಬರುವ ಮೊದಲಿನಿಂದ ಇದೆ. ಬಿಸಿಯೂಟದ ಅನ್ನದ ಮೇಲೆ ಬೆಳೆದದ್ದು. ಅದಕ್ಕೆ ಸೊಂಟ ಏಳುವುದಿಲ್ಲ, ದೂರ ಬಿಟ್ಟು ಬರೋಣ ಎಂದು ಹಿಂದಿನ ವರ್ಷ ಮಾತು ಬಂದಿತ್ತು. ನಾನೂ ಆಗ ಸುಮ್ಮನಿದ್ದೆ. ಈ ಸಲ ತಾಲ್ಲೂಕು ಪಶು ಆಸ್ಪತ್ರೆಯ ವೈದ್ಯರನ್ನು ಕರೆತಂದೆ. ಸಂಧಿವಾತ ಎಂದರು, ನಾಯಿಗೆಂದೇ ಇರುವ ನೋವಿನ ಔಷಧ ಬರೆದುಕೊಟ್ಟರು, ರೇಬಿಸ್ ಲಸಿಕೆ ಹಾಕಿದರು. ಒಂಬತ್ತನೆಯ ತರಗತಿಯ ಮೂವರು ಮಕ್ಕಳು ಸರದಿಯಂತೆ ನೋಡಿಕೊಳ್ಳುತ್ತಾರೆ. ಮುಟ್ಟುವುದು, ಮಾತ್ರೆ ತಿನ್ನಿಸುವುದು ನಾನೇ. ಮಕ್ಕಳು ಎರಡು ಮಾರು ದೂರ ಕೂತು ಎಣಿಸಬೇಕು, ಬರೆಯಬೇಕು. ಯಾವ ನಾಯಿಯೇ ಕಚ್ಚಲಿ, ಪರಚಲಿ, ಹದಿನೈದು ನಿಮಿಷ ಸೋಪುನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಬೇಕೆಂಬುದನ್ನು ಮೂವರಿಗೂ ಬಾಯಿಪಾಠ ಮಾಡಿಸಿದ್ದೇನೆ. ಒಬ್ಬ ಹುಡುಗನ ತಂದೆ ಬಂದು, ಇದಕ್ಕೆ ಪರೀಕ್ಷೆಯಲ್ಲಿ ಅಂಕವುಂಟೇ ಎಂದು ವಿಚಾರಿಸಿ ಹೋದರು.

ಹಳೆಯ ದಾಖಲೆ ಪುಸ್ತಕವೊಂದರಲ್ಲಿ ಬರೆಯುತ್ತಿದ್ದಾರೆ. ಮೊದಲ ಪುಟ ಹೀಗಿದೆ: "ಸಮಯ ಮಧ್ಯಾಹ್ನ 2.10. ಉಸಿರು 26. ಮಧ್ಯೆ ಮೇಷ್ಟ್ರು ಬಂದಿದ್ದರಿಂದ ಬಾಲ ಅಲ್ಲಾಡಿಸಿತು, ಸರಿಯಾಗಿ ಎಣಿಸಲು ಆಗಲಿಲ್ಲ. ನಾಳೆ ಮತ್ತೆ ಎಣಿಸುತ್ತೇವೆ."